ಮಿಷನ್ ಬಂತು, ಮಿಡಿ ತರೋಕೆ ದುಡ್ಡೆಲ್ಲಿ?

ಹೋದ ತಿಂಗಳು ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯಿಂದ ಮೂವರು ಹೆಂಗಸರು ಬಂದಿದ್ದರು. ಬೆಳಗಿನ ಮೊದಲ ಬಸ್ಸಿಗೆ ಹತ್ತಿ ಸಾಗರಕ್ಕೆ ಬಂದವರು, ನಾನು ಆಫೀಸಿನ ಬೀಗ ತೆಗೆಯುವಷ್ಟರಲ್ಲಿ ಮೆಟ್ಟಿಲ ಮೇಲೆ ಕೂತಿದ್ದರು. ಪ್ಲಾಸ್ಟಿಕ್ ಫೈಲಿನಲ್ಲಿ ಆಧಾರ್ ಕಾರ್ಡು, ಸಂಘದ ಠರಾವು, ಕೊಯಮತ್ತೂರಿನ ಮಿಷನ್ ಕಂಪನಿಯ ಕೊಟೇಶನ್ ಎಲ್ಲ ಜೋಡಿಸಿಕೊಂಡಿದ್ದರು.

"ಅಣ್ಣಾ, ಅಪ್ಪೆಮಿಡಿ ಉಪ್ಪಿನಕಾಯಿ ಯೂನಿಟ್ ಹಾಕ್ಬೇಕು ಅಂತಿದೀವಿ. ಸಬ್ಸಿಡಿ ಎಷ್ಟು ಬರುತ್ತೆ?"

"ಮಿಡಿ ತರೋಕೆ ದುಡ್ಡು ಎಲ್ಲಿಂದ ತರ್ತೀರಿ?" ಅಂತ ಕೇಳಿದೆ.

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಅದು ಹೇಗೋ ಆಗುತ್ತೆ ಅಣ್ಣಾ."

ಈ 'ಹೇಗೋ ಆಗುತ್ತೆ' ಕೇಳಿದರೆ ನನಗೆ ಸಂಕಟವಾಗುತ್ತದೆ, ಸಿಟ್ಟೂ ಬರುತ್ತದೆ. ಇಪ್ಪತ್ತು ವರ್ಷದಿಂದ ಸಾಗರ, ಸೊರಬ, ಹೊಸನಗರ, ತೀರ್ಥಹಳ್ಳಿ ಕಡೆಯವರಿಗೆ ಪ್ರಾಜೆಕ್ಟ್ ರಿಪೋರ್ಟು, ಲೆಕ್ಕಪತ್ರ ಮಾಡಿಕೊಡುತ್ತಿದ್ದೇನೆ. ಬಾಗಿಲು ಹಾಕಿದ ಘಟಕಗಳನ್ನು ಬೇಕಾದಷ್ಟು ನೋಡಿದ್ದೇನೆ. ಒಳಗೆ ಹೋದರೆ ಮಿಷನ್ ಚೆನ್ನಾಗಿಯೇ ಇರುತ್ತದೆ. ಆ ಹೆಂಗಸರ ಕೈರುಚಿಯ ಬಗ್ಗೆ ಎರಡು ಮಾತಿಲ್ಲ. ಕೇಳಿಕೊಂಡು ಬರುವ ಗಿರಾಕಿಗಳೂ ಇದ್ದರು. ಮಾರ್ಚ್ ತಿಂಗಳಲ್ಲಿ ಕೈಯಲ್ಲಿ ದುಡ್ಡಿರಲಿಲ್ಲ, ಅಷ್ಟೇ.

ನಮ್ಮ ಜಿಲ್ಲೆಯಲ್ಲಿ ಉದ್ಯೋಗದ ಮಾತು ಬಂದರೆ ಎಲ್ಲರಿಗೂ ಭದ್ರಾವತಿ ನೆನಪಾಗುತ್ತದೆ. 1923ರಲ್ಲಿ ಉತ್ಪಾದನೆ ಶುರುಮಾಡಿದ ಕಬ್ಬಿಣದ ಕಾರ್ಖಾನೆ, 1936ರಲ್ಲಿ ಹುಟ್ಟಿದ ಕಾಗದದ ಕಾರ್ಖಾನೆ ಎಷ್ಟೋ ಮನೆಗಳ ಒಲೆ ಉರಿಸಿದವು. ಕಾಗದದ ಕಾರ್ಖಾನೆ ನಿಂತು ವರ್ಷಗಳಾದವು. ಆ ನೆನಪಿನಿಂದಲೋ ಏನೋ, ಕೆಲಸ ಸಿಗಬೇಕಾದರೆ ಮೊದಲು ಶೆಡ್ಡು ಬೇಕು, ಮಿಷನ್ ಬೇಕು ಅನ್ನುವುದು ಜನರ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿದೆ. ಹಳ್ಳಿಯ ಹೆಣ್ಣುಮಗಳಿಗೆ ಉದ್ಯೋಗ ಅಂದರೆ ಶನಿವಾರ ಸಂಜೆ ಕೈಗೆ ಬರುವ ಕೂಲಿ. ಅದನ್ನು ಕೊಡುವುದು ತಿರುಗುವ ದುಡ್ಡು. ಬ್ಯಾಂಕಿನವರು ವರ್ಕಿಂಗ್ ಕ್ಯಾಪಿಟಲ್ ಅನ್ನುತ್ತಾರೆ, ಸರ್ಕಾರಿ ಕಾಗದದಲ್ಲಿ ದುಡಿಯುವ ಬಂಡವಾಳ. ನಾನು ತಿರುಗೋ ದುಡ್ಡು ಅಂತಲೇ ಹೇಳುತ್ತೇನೆ. ಹೋಗಿ, ಸುತ್ತು ಹೊಡೆದು, ವಾಪಸ್ ಬರಬೇಕಾದ ದುಡ್ಡು ಅದು.

ಅಪ್ಪೆಮಿಡಿಯನ್ನೇ ನೋಡಿ. ಮರ ಹಳ್ಳದ ದಂಡೆಯಲ್ಲಿರುತ್ತದೆ. ಮಿಡಿ ಸಿಗುವುದು ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ. ಅದರಲ್ಲೂ ಒಳ್ಳೆಯ ಹದದ ಮಿಡಿ ಬರುವುದು ಐದಾರು ವಾರ. ನೆಲಕ್ಕೆ ಬಿದ್ದದ್ದು ಆಗುವುದಿಲ್ಲ, ತೊಟ್ಟು ಮುರಿದದ್ದೂ ಆಗುವುದಿಲ್ಲ. ಮರ ಹತ್ತಿ ಕೊಯ್ಯುವವರಿಗೆ ಅವತ್ತಿನ ದುಡ್ಡು ಅವತ್ತೇ ಕೊಡಬೇಕು. ಕೊಂಬೆಯ ತುದಿಗೆ ಹೋಗಿ ಜೀವ ಪಣಕ್ಕಿಡುವವನಿಗೆ ಉದ್ರಿ ಹೇಳೋದಕ್ಕೆ ಯಾರಿಗಾದರೂ ಬಾಯಿ ಬರುತ್ತದೆಯೇ? ಒಂದು ವರ್ಷ ಮಾರುವ ಉಪ್ಪಿನಕಾಯಿಯ ಮಿಡಿಯನ್ನೆಲ್ಲ ಈ ಐದಾರು ವಾರದಲ್ಲೇ, ನಗದು ಕೊಟ್ಟು ತರಬೇಕು. ಆಮೇಲೆ ಅದು ಉಪ್ಪಿನಲ್ಲಿ ಕೂತು ಸುಕ್ಕು ಕಟ್ಟಬೇಕು. ಖಾರ ಬೀಳಬೇಕು. ಬಾಟಲಿಗೆ ಹೋಗಬೇಕು. ಅಂಗಡಿಯವನು ತಗೊಂಡು, ಮಾರಿ, ದುಡ್ಡು ಕೊಡಬೇಕು.

ಒಂದು ಲೆಕ್ಕ ಹಿಡಿಯೋಣ. ಅಂಕಿಗಳು ಸುಮ್ನೆ ಉದಾಹರಣೆಗೆ. ನಿಮ್ಮೂರಿನ ದರ ನೀವು ಹಾಕಿಕೊಳ್ಳಿ. ವರ್ಷಕ್ಕೆ 10 ಲಕ್ಷ ರೂಪಾಯಿ ವ್ಯಾಪಾರ ಮಾಡುವ ಸಂಘ. ಮಾರ್ಚ್, ಏಪ್ರಿಲ್‌ನಲ್ಲಿ ಮಿಡಿಗೆ 4 ಲಕ್ಷ ಹೋಯಿತು. ಉಪ್ಪು, ಡ್ರಮ್ಮು 30 ಸಾವಿರ. ತೊಟ್ಟು ಕತ್ತರಿಸಿ ತೊಳೆಯುವವರ ಕೂಲಿ 30 ಸಾವಿರ. ಮೇ, ಜೂನ್‌ನಲ್ಲಿ ಮೆಣಸು, ಸಾಸಿವೆ, ಅರಿಶಿನ 80 ಸಾವಿರ. ಬಾಟಲಿ, ಲೇಬಲ್ಲು 60 ಸಾವಿರ. ಮತ್ತೆ ಕೂಲಿ 30 ಸಾವಿರ. ಬಾಡಿಗೆ, ಕರೆಂಟು, ಲಗೇಜ್ ಆಟೋ 20 ಸಾವಿರ. ಕೂಡಿಸಿದರೆ ಆರೂವರೆ ಲಕ್ಷ. ಜೂನ್ ಕೊನೆಗೆ ಮೊದಲ ಬಾಟಲಿ ಅಂಗಡಿಗೆ ಹೋಯಿತು ಅಂದುಕೊಳ್ಳಿ. ಅಂಗಡಿಯವರು ಒಂದೂವರೆ ತಿಂಗಳು ಉದ್ರಿ ಹೇಳುತ್ತಾರೆ. ಮೊದಲ ರೂಪಾಯಿ ಕಣ್ಣಿಗೆ ಬೀಳುವುದು ಆಗಸ್ಟ್‌ನಲ್ಲಿ. ಅಲ್ಲಿವರೆಗೆ ಆರೂವರೆ ಲಕ್ಷ ಹೊರಗೇ ಇರುತ್ತದೆ. ಇದು ನಷ್ಟ ಅಲ್ಲ. ಡ್ರಮ್ಮಿನಲ್ಲಿ ಮಿಡಿ ಇದೆ, ಅಂಗಡಿಯಲ್ಲಿ ಬಾಕಿ ಇದೆ. ಆದರೆ ಅದರಿಂದ ಶನಿವಾರದ ಕೂಲಿ ಕೊಡೋದಕ್ಕೆ ಬರುವುದಿಲ್ಲ.

ಈಗ ಬ್ಯಾಂಕಿಗೆ ಹೋಗಿ. ಸಣ್ಣ ಉದ್ದಿಮೆಗಳಿಗೆ ಬ್ಯಾಂಕು ಸಾಮಾನ್ಯವಾಗಿ ಹಿಡಿಯುವ ಸೂತ್ರ ಒಂದಿದೆ. ವರ್ಷದ ವ್ಯಾಪಾರದ ಅಂದಾಜಿನಲ್ಲಿ ಶೇ 25ರಷ್ಟು ತಿರುಗುವ ದುಡ್ಡು ಬೇಕು ಅಂತ ಲೆಕ್ಕ. ಅದರಲ್ಲಿ ಶೇ 20 ಬ್ಯಾಂಕಿನದ್ದು, ಶೇ 5 ನಿಮ್ಮದು. ನಮ್ಮ ಸಂಘಕ್ಕೆ ಬ್ಯಾಂಕಿನಿಂದ 2 ಲಕ್ಷ, ಸ್ವಂತದ್ದು 50 ಸಾವಿರ. ಬೇಕಾಗಿದ್ದು ಆರೂವರೆ ಲಕ್ಷ, ಇರುವುದು ಎರಡೂವರೆ. 4 ಲಕ್ಷ ಎಲ್ಲಿಂದ ಬರಬೇಕು?

ಈ ಸೂತ್ರ ತಪ್ಪು ಅಂತ ನಾನು ಹೇಳುತ್ತಿಲ್ಲ. ಶೇ 25 ಅಂದರೆ ವರ್ಷದ ಕಾಲು ಭಾಗ, ಮೂರು ತಿಂಗಳು. ಹಾಕಿದ ದುಡ್ಡು ಮೂರು ತಿಂಗಳಲ್ಲಿ ವಾಪಸ್ ಬರುವ ವ್ಯಾಪಾರಕ್ಕೆ ಅದು ಸರಿಹೊಂದುತ್ತದೆ. ಬೇಕರಿಗೆ ಧಾರಾಳ ಆಯಿತು. ಹಿಟ್ಟಿನ ಗಿರಣಿಗೂ ಸಾಕು. ಆದರೆ ಅಪ್ಪೆಮಿಡಿಯ ಸುತ್ತು ಒಂದು ವರ್ಷದ್ದು. ಹಲಸಿನ ಹಪ್ಪಳದ್ದೂ ಹಾಗೇ, ಮಳೆ ಹಿಡಿಯುವ ಮುಂಚೆ ಮಾಡಿ ಒಣಗಿಸಿಡಬೇಕು. ಮಲೆನಾಡಿನ ಕಾಡು, ತೋಟದಿಂದ ಬರುವ ಹೆಚ್ಚಿನ ಪದಾರ್ಥಗಳ ಕಥೆ ಇದೇ. ಎರಡು ತಿಂಗಳು ತರುವುದು, ಹತ್ತು ತಿಂಗಳು ಮಾರುವುದು.

ಇದನ್ನು ಬ್ಯಾಂಕಿನವರಿಗೆ ಹೇಳಬೇಕು. ಅವರಾಗಿಯೇ ಕೇಳುವುದು ಕಮ್ಮಿ. ಶೇ 20 ಅನ್ನುವುದು ಕನಿಷ್ಠ, ಗರಿಷ್ಠ ಅಲ್ಲ. ಉತ್ಪಾದನೆಯ ಸುತ್ತು ಉದ್ದ ಇದ್ದರೆ ಅದಕ್ಕೆ ತಕ್ಕ ಹಾಗೆ ಜಾಸ್ತಿ ಮಿತಿ ಮಂಜೂರು ಮಾಡೋದಕ್ಕೆ ಅವಕಾಶ ಇದೆ. ಹೊಸ ಘಟಕ ಹಾಕುವವರಿಗೆ ಸಾಲದ ಜೊತೆ ಸಬ್ಸಿಡಿ ಕೊಡುವ ಕೇಂದ್ರದ ಯೋಜನೆ ಪಿಎಂಇಜಿಪಿಯಲ್ಲೂ ಯೋಜನಾ ವೆಚ್ಚಕ್ಕೆ ಒಂದು ಸುತ್ತಿನ ತಿರುಗುವ ದುಡ್ಡು ಸೇರಿಸಬಹುದು. ಆ ಸುತ್ತು ಎಷ್ಟು ತಿಂಗಳಿನದು ಅಂತ ರಿಪೋರ್ಟಿನಲ್ಲಿ ಬರೆಯಬೇಕಲ್ವಾ? ನಾನು ನೋಡುವ ಹತ್ತು ರಿಪೋರ್ಟಿನಲ್ಲಿ ಎಂಟರಲ್ಲಿ ಆ ಸಾಲು ಬೇರೆ ಯಾವುದೋ ಊರಿನ, ಬೇರೆ ಯಾವುದೋ ಘಟಕದ ರಿಪೋರ್ಟಿನಿಂದ ಇಳಿಸಿದ್ದು. ಮಿಷನ್‌ಗೆ 12 ಲಕ್ಷ, ತಿರುಗುವ ದುಡ್ಡಿಗೆ 1 ಲಕ್ಷ. ಬರೆದುಕೊಟ್ಟವರು ಅಪ್ಪೆ ಮರ ನೋಡಿದವರಲ್ಲ.

"ಸಬ್ಸಿಡಿ ಬರುತ್ತಲ್ಲ, ಅದರಲ್ಲಿ ಮಿಡಿ ತರ್ತೀವಿ" ಅಂತ ಹೇಳುವವರೂ ಇದ್ದಾರೆ. ಈ ಒಂದು ಮಾತನ್ನು ಎಷ್ಟು ಸಲ ಬಿಡಿಸಿ ಹೇಳಿದ್ದೇನೋ ಲೆಕ್ಕ ಇಲ್ಲ. ಪಿಎಂಇಜಿಪಿಯಲ್ಲಿ ಹಳ್ಳಿಯ ಹೆಣ್ಣುಮಗಳೊಬ್ಬಳು ಘಟಕ ಹಾಕಿದರೆ ಶೇ 35 ಸಬ್ಸಿಡಿ ಇದೆ, ನಿಜ. ಆದರೆ ಅದು ಕೈಗೆ ಬರುವುದಿಲ್ಲ. ಬ್ಯಾಂಕಿನಲ್ಲೇ 3 ವರ್ಷ ಠೇವಣಿಯಾಗಿ ಕೂರುತ್ತದೆ. ಘಟಕ ನಡೆಯುತ್ತಿದೆ ಅಂತ ಖಾತ್ರಿಯಾದ ಮೇಲೆ ಸಾಲಕ್ಕೆ ಜಮಾ ಆಗುತ್ತದೆ. ಸಣ್ಣ ಆಹಾರ ಘಟಕಗಳಿಗೆ ಅಂತ 2020ರಲ್ಲಿ ಬಂದ ಪಿಎಂಎಫ್‌ಎಂಇ ಯೋಜನೆಯ ಸಬ್ಸಿಡಿಯೂ ಹೀಗೇ 3 ವರ್ಷ ಬೇರೆ ಖಾತೆಯಲ್ಲಿರುತ್ತದೆ. ಸಬ್ಸಿಡಿಯಿಂದ ಸಾಲದ ಭಾರ ಇಳಿಯುತ್ತದೆ. ಮಾರ್ಚ್‌ನಲ್ಲಿ ಮಿಡಿ ಬರುವುದಿಲ್ಲ. ಪಿಎಂಎಫ್‌ಎಂಇಯಲ್ಲಿ ಸ್ವಸಹಾಯ ಸಂಘದ ಸದಸ್ಯೆಗೆ ತಲಾ 40 ಸಾವಿರದವರೆಗೆ ಬೀಜಧನ ಅಂತ ಇಟ್ಟಿದ್ದರು. ತಿರುಗುವ ದುಡ್ಡಿಗೆ, ಸಣ್ಣಪುಟ್ಟ ಸಲಕರಣೆಗೆ ಅಂತಲೇ ಇಟ್ಟದ್ದು ಅದು. ನನ್ನನ್ನು ಕೇಳಿದರೆ ಆ ಯೋಜನೆಯ ಅತಿ ಒಳ್ಳೆಯ ಭಾಗ ಅದೇ. ಅದನ್ನು ಪೂರ್ತಿ ಮಿಕ್ಸರು, ಟೇಬಲ್ಲು, ಬೋರ್ಡಿಗೆ ಖರ್ಚು ಮಾಡಿ ಬಂದವರನ್ನು ಕಂಡಾಗ ಏನು ಹೇಳಬೇಕೋ ತಿಳಿಯುವುದಿಲ್ಲ. ನಿಯಮಗಳು ಬದಲಾಗುತ್ತಿರುತ್ತವೆ. ಅರ್ಜಿ ಹಾಕುವ ಮುಂಚೆ ಶಿವಮೊಗ್ಗದ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ, ಕೃಷಿ ಇಲಾಖೆಯಲ್ಲಿ ಒಂದು ಸಲ ಕೇಳಿಕೊಳ್ಳಿ.

ದುಡ್ಡಿಲ್ಲದಿದ್ದರೆ ಏನಾಗುತ್ತದೆ? ಪೇಟೆಯ ವ್ಯಾಪಾರಿ ಬರುತ್ತಾನೆ. ಮುಂಗಡ ಕೊಡುತ್ತಾನೆ. ಉಪ್ಪು ಹಾಕಿದ ಮಿಡಿಯನ್ನು ತನಗೇ ಕೊಡಬೇಕು, ತಾನು ಹೇಳಿದ ದರಕ್ಕೆ ಕೊಡಬೇಕು ಅನ್ನುತ್ತಾನೆ. ಸಂಘದವರು ತಮ್ಮದೇ ಶೆಡ್ಡಿನಲ್ಲಿ ಅವನ ಕೂಲಿಯಾಳುಗಳಾಗುತ್ತಾರೆ. ಇಲ್ಲವೇ ಇನ್ನೊಂದು ದಾರಿ. "ನಮ್ಮ ಕೂಲಿ ಆಮೇಲೆ ತಗೊಂಡ್ರಾಯ್ತು" ಅಂತ ಹೆಂಗಸರೇ ತೀರ್ಮಾನ ಮಾಡುತ್ತಾರೆ. ಎರಡು ತಿಂಗಳು ನಡೆಯುತ್ತದೆ. ಮೂರನೇ ತಿಂಗಳು ಒಬ್ಬರ ಗಂಡ ಗೊಣಗುತ್ತಾನೆ. ಅಡಿಕೆ ಸುಲಿಯೋದಕ್ಕೆ ಹೋದರೆ ಅವತ್ತಿನ ಕೂಲಿ ಅವತ್ತೇ ಸಿಗುತ್ತದೆ, ಇಲ್ಲಿ ಯಾಕೆ ಕೂತಿದ್ದೀಯ ಅಂತ. ಅವನು ಹೇಳುವುದು ಸರಿಯೇ. ಹತ್ತು ಜನ ಇದ್ದವರು ಆರಾಗುತ್ತಾರೆ, ಆಮೇಲೆ ಮೂರಾಗುತ್ತಾರೆ. ಹೊರಗಿನವರು ನೋಡಿ "ಹೆಂಗಸರಲ್ಲಿ ಒಗ್ಗಟ್ಟಿಲ್ಲ" ಅಂತ ಹೇಳಿಬಿಡುತ್ತಾರೆ. ಒಗ್ಗಟ್ಟು ಮುರಿದದ್ದು ಕೂಲಿ ಸಿಗದೆ ಹೋದದ್ದಕ್ಕೆ.

ಅಡಿಕೆ ಹಾಳೆಯಿಂದ ತಟ್ಟೆ ಮಾಡುವ ಘಟಕವೊಂದರಲ್ಲಿ ಇದನ್ನೇ ಬೇರೆ ರೂಪದಲ್ಲಿ ನೋಡಿದೆ. ತೀರ್ಥಹಳ್ಳಿ ಕಡೆಯ ಊರು. ಬೇಸಿಗೆ ಪೂರ್ತಿ ತಟ್ಟೆ ಒತ್ತಿದರು, ಮಾರಿದರು, ಖುಷಿಯಾಗಿದ್ದರು. ಮಳೆಗಾಲಕ್ಕೆ ಹಾಳೆ ಕೂಡಿಟ್ಟಿರಲಿಲ್ಲ. ಜೂನ್‌ನಲ್ಲಿ ಮಳೆ ಹಿಡಿಯಿತು. ವರ್ಷಕ್ಕೆ 7 ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಬೀಳುವ ಆಗುಂಬೆ ಅದೇ ತಾಲ್ಲೂಕಿನದು. ತೋಟದಲ್ಲಿ ಬಿದ್ದ ಹಾಳೆ ಎರಡು ದಿನಕ್ಕೆ ಬೂಷ್ಟು ಹಿಡಿಯುತ್ತದೆ. ಮಿಷನ್ ನಿಂತಿತು. ಸಾಲದ ಕಂತು ಮಾತ್ರ ತಿಂಗಳಿಗೆ ಸರಿಯಾಗಿ ಬರುತ್ತಿತ್ತು. ಮರುವರ್ಷ ಎರಡನೇ ಮಿಷನ್‌ಗೆ ಅರ್ಜಿ ಹಾಕುತ್ತೇವೆ ಅಂತ ಬಂದರು. ಮೊದಲು ಬೈದೆ, ಆಮೇಲೆ ಕೂರಿಸಿ ಮಾತಾಡಿದೆ. ಊರಿನಲ್ಲಿ ದನ ಸಾಕುವುದು ಬಿಟ್ಟ ಮನೆಗಳ ಕೊಟ್ಟಿಗೆ ಅಟ್ಟ ಖಾಲಿ ಇದ್ದವು. ಎರಡು ಅಟ್ಟ ಬಾಡಿಗೆಗೆ ಹಿಡಿದರು. ಮಿಷನ್‌ಗೆ ಅಂತ ತೆಗೆದಿಟ್ಟ ದುಡ್ಡಿನಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಹಾಳೆ ಕೊಂಡು ತುಂಬಿದರು. ಆ ಮಳೆಗಾಲದಲ್ಲಿ ಐದು ಜನಕ್ಕೆ ಕೆಲಸ ನಡೆಯಿತು. ಕರೆಂಟು ಇದ್ದ ದಿನ.

ಸಾಗರದ ಹತ್ತಿರ ಒಬ್ಬರು ಅಕ್ಕ ಇದ್ದಾರೆ. ಎಪ್ಪತ್ತರ ಹತ್ತಿರದ ವಯಸ್ಸು. ಯಾವ ಯೋಜನೆಗೂ ಅರ್ಜಿ ಹಾಕಿದವರಲ್ಲ. ಭರಣಿಗಳಲ್ಲೇ ಶುರುಮಾಡಿ ಈಗ ನಾಲ್ಕು ಜನಕ್ಕೆ ವರ್ಷವಿಡೀ ಕೆಲಸ ಕೊಟ್ಟಿದ್ದಾರೆ. ಅವರ ಲೆಕ್ಕ ಕೇಳಿ. ತಂದ ಮಿಡಿಯಲ್ಲಿ ಮೂರನೇ ಒಂದು ಭಾಗವನ್ನು ಉಪ್ಪಿನಲ್ಲಿ ಸುಕ್ಕಾದ ಕೂಡಲೇ ನಗದಿಗೆ ಮಾರಿಬಿಡುತ್ತಾರೆ. ಲಾಭ ಕಮ್ಮಿ. ಆ ದುಡ್ಡಿನಲ್ಲಿ ಮೆಣಸು, ಸಾಸಿವೆ, ಕೂಲಿ. ಉಳಿದ ಮಿಡಿ ಉಪ್ಪಿನಲ್ಲೇ ಇರುತ್ತದೆ. ಬೇಡಿಕೆ ಬಂದ ಹಾಗೆ ಸ್ವಲ್ಪ ಸ್ವಲ್ಪ ಖಾರ ಹಾಕುತ್ತಾರೆ. "ಎಲ್ಲಾದಕ್ಕೂ ಒಟ್ಟಿಗೆ ಖಾರ ಹಾಕಿದ್ರೆ ದುಡ್ಡೆಲ್ಲ ಬಾಟಲಿ ಒಳಗೆ ಕೂರುತ್ತೆ ಮಾರಾಯ್ರೆ" ಅಂತ ನನಗೆ ಹೇಳಿಕೊಟ್ಟವರು ಅವರೇ. ಆ ಮಾತನ್ನು ಅವತ್ತಿನಿಂದ ಎಲ್ಲರಿಗೂ ಹೇಳುತ್ತಿದ್ದೇನೆ.

ಅಡಿಕೆ ಬೆಳೆಗಾರರು ಈ ಸಂಕಟವನ್ನು ಎಂದೋ ಕಂಡವರು. ಮಳೆಗಾಲದಲ್ಲಿ ಮುಂಗಡ ತಗೊಂಡು ಕೊಯ್ಲಿನಲ್ಲಿ ಸಾಹುಕಾರ ಹೇಳಿದ ಬೆಲೆಗೆ ಅಡಿಕೆ ಅಳೆದುಕೊಟ್ಟ ಕಥೆಗಳು ಹಳೇ ಮನೆಗಳಲ್ಲಿ ಇನ್ನೂ ಇವೆ. ಬೆಳೆಗಾರರದ್ದೇ ಸಹಕಾರ ಸಂಘಗಳಾಗಿ ಶಿರಸಿಯಲ್ಲಿ 1923ರಲ್ಲಿ ಟಿಎಸ್‌ಎಸ್, ಶಿವಮೊಗ್ಗದಲ್ಲಿ 1939ರಲ್ಲಿ ಮ್ಯಾಮ್‌ಕೋಸ್ ಹುಟ್ಟಿದವು. ಅಡಿಕೆಯನ್ನು ಸೊಸೈಟಿಯಲ್ಲಿಟ್ಟು ಅದರ ಮೇಲೆ ಮುಂಗಡ ತಗೊಂಡು, ಬೆಲೆ ಬಂದಾಗ ಮಾರುವ ಪದ್ಧತಿ ನಮ್ಮ ಕಡೆಯ ಮಕ್ಕಳಿಗೂ ಗೊತ್ತು. ಉಪ್ಪಿನಲ್ಲಿರುವ ಮಿಡಿಯೂ ಕೆಡದೆ ಇರುವ ಮಾಲು. ಒಂದು ಡ್ರಮ್ ಮಿಡಿಯ ಮೇಲೆ ಅಡವು ಸಾಲ ಯಾಕೆ ಕೊಡಬಾರದು? ನಾನು ಕೇಳಿದ ಎರಡು ಹಳ್ಳಿ ಸೊಸೈಟಿಗಳಲ್ಲಿ ಆಗಲ್ಲ ಅಂದರು. ಅಡಿಕೆಗಾದರೆ ದಿನದ ಪೇಟೆ ಧಾರಣೆ ಇದೆ, ಮಿಡಿಗೆ ದರ ಕಟ್ಟುವವರು ಯಾರು ಅಂತ ಅವರ ಪ್ರಶ್ನೆ. ನ್ಯಾಯವಾದ ಪ್ರಶ್ನೆ. ಆದರೆ ಉತ್ತರ ಇಲ್ಲದ ಪ್ರಶ್ನೆ ಅಂತ ನನಗೆ ಅನಿಸುವುದಿಲ್ಲ. ತೋಟ ಇರುವವರ ಅಡಿಕೆಗೆ ನೂರು ವರ್ಷದಿಂದ ಇರುವ ಆಸರೆ, ತೋಟ ಇಲ್ಲದ ಹೆಂಗಸಿನ ಡ್ರಮ್ಮಿಗೂ ಸಿಗಬೇಕು. ಸೊಸೈಟಿಯ ನಿರ್ದೇಶಕರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಮುಂದಿನ ಸಭೆಯಲ್ಲಿ ಎತ್ತಿ.

ಉದ್ರಿಯ ಬಗ್ಗೆಯೂ ಒಂದು ಮಾತು. ಸರ್ಕಾರದಲ್ಲಿ ಸಣ್ಣ ಉದ್ದಿಮೆ ಅಂತ ದಾಖಲಾಗುವ ಉದ್ಯಮ್ ನೋಂದಣಿ ಉಚಿತ, ಮಾಡಿಸಿಕೊಳ್ಳಿ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಬರಹದ ಒಪ್ಪಂದ ಇದ್ದರೂ 45 ದಿನಕ್ಕಿಂತ ಜಾಸ್ತಿ ಬಾಕಿ ಇಡುವ ಹಾಗಿಲ್ಲ. ಒಪ್ಪಂದ ಇಲ್ಲದಿದ್ದರೆ 15 ದಿನ. ತಡವಾದರೆ ಬಡ್ಡಿ ಕೇಳುವ ಹಕ್ಕಿದೆ. ಹಾಗಂತ ಮೊದಲ ಬಾಕಿಗೇ ನೋಟಿಸ್ ಕಳಿಸಿ ಅಂತ ನಾನು ಹೇಳುವುದಿಲ್ಲ. ಒಬ್ಬನೇ ಗಿರಾಕಿ ಇರುವಾಗ ಕಾನೂನು ಮಾತಾಡಿದರೆ ಗಿರಾಕಿ ಹೋಗುತ್ತಾನೆ. ಬಿಲ್ಲಿನ ಮೇಲೆ ದಿನಾಂಕ, ಗಡುವು ಬರೆಯಿರಿ. ಗಡುವಿನ ಮರುದಿನ ಫೋನ್ ಮಾಡಿ. ಸಂಕೋಚ ಪಡಬೇಡಿ, ಅದು ನಿಮ್ಮ ಕೂಲಿ.

ಬರುವವರು ಡಿಸೆಂಬರ್ ಒಳಗೆ ಬನ್ನಿ. ತಿರುಗುವ ದುಡ್ಡಿಗೆ ಬ್ಯಾಂಕು ಕೊಡುವ ಸಿಸಿ ಸಾಲ (ಕ್ಯಾಶ್ ಕ್ರೆಡಿಟ್) ಮಂಜೂರಾಗಿ ಖಾತೆಗೆ ಬರುವಷ್ಟರಲ್ಲಿ ತಿಂಗಳುಗಳು ಹೋಗುತ್ತವೆ, ಅಪ್ಪೆ ಮರ ಯಾರಿಗೂ ಕಾಯುವುದಿಲ್ಲ. ಕೊಟೇಶನ್ ಆಮೇಲೆ ತಂದರೆ ಸಾಕು. ಒಂದು ಹಾಳೆಯಲ್ಲಿ ಹನ್ನೆರಡು ತಿಂಗಳು ಬರೆದು, ಪ್ರತಿ ತಿಂಗಳು ಎಷ್ಟು ಹೋಗುತ್ತೆ, ಎಷ್ಟು ಬರುತ್ತೆ ಅಂತ ತುಂಬಿಕೊಂಡು ಬನ್ನಿ. ಅದನ್ನು ನೋಡಿದರೆ ಮ್ಯಾನೇಜರ್ ಹತ್ತಿರ ಮಾತಾಡೋದು ನನಗೂ ಸುಲಭ. ಕಂತು ಯಾವ ತಿಂಗಳಿಂದ ಶುರುವಾಗಬೇಕು ಅಂತಲೂ ಅದರಲ್ಲೇ ಕಾಣುತ್ತದೆ.

ಹೊಸನಗರದ ಆ ಮೂವರು ಮೊನ್ನೆ ಮತ್ತೆ ಬಂದಿದ್ದರು. ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಗೆರೆ ಎಳೆದು ಹನ್ನೆರಡು ತಿಂಗಳ ಲೆಕ್ಕ ಬರೆದಿದ್ದರು. ಬಾಟಲಿ ತುಂಬುವ ಮಿಷನ್ ಸದ್ಯಕ್ಕೆ ಬೇಡ, ಸೌಟಿನಲ್ಲೇ ತುಂಬುತ್ತೇವೆ ಅಂದರು. ಲೆಕ್ಕ ಬಹಳ ಮಟ್ಟಿಗೆ ಸರಿ ಇತ್ತು. ಮೇಯಿಂದ ಜುಲೈವರೆಗೆ ತಮ್ಮ ಕೂಲಿಯ ಜಾಗದಲ್ಲಿ ಮಾತ್ರ ಸೊನ್ನೆ ಹಾಕಿದ್ದರು. ಅದನ್ನು ನಾನು ಒಪ್ಪಲಿಲ್ಲ. ಅಲ್ಲೇ ಕೂತು ತಿದ್ದಿದೆವು, ಸಾಲದ ಮೊತ್ತ ಸ್ವಲ್ಪ ಮೇಲೆ ಹೋಯಿತು. ಬುಧವಾರ ಬ್ಯಾಂಕಿಗೆ ಹೋಗುತ್ತಿದ್ದೇವೆ.