ಬಾತುಕೋಳಿ ಗೇಮ್ ಹೊಸ ಟಿವಿಯಲ್ಲಿ ಯಾಕೆ ನಡೆಯಲ್ಲ?

ಪ್ರಶ್ನೆ: ಸಕಲೇಶಪುರದ ಅಜ್ಜಿ ಮನೆಯ ಅಟ್ಟದಲ್ಲಿ ಹಳೇ ಟಿವಿ ಗೇಮ್ ಸಿಕ್ಕಿತು. ಎರಡು ರಿಮೋಟು, ಒಂದು ಗನ್ನು, ನಾಲ್ಕು ಹಳದಿ ಕ್ಯಾಸೆಟ್. ಹಾಸನಕ್ಕೆ ತಂದು ನಮ್ಮ ಎಲ್‌ಇಡಿ ಟಿವಿಗೆ ಹಾಕಿದೆ. ಮಾರಿಯೋ ಚೆನ್ನಾಗಿ ಬರುತ್ತದೆ. ಬಾತುಕೋಳಿ ಗೇಮಲ್ಲಿ ಮಾತ್ರ ಎಷ್ಟು ಹೊಡೆದರೂ ಒಂದೂ ಬೀಳುವುದಿಲ್ಲ. ಗನ್ ಕೆಟ್ಟಿದೆಯಾ? ಕಂಪನಿಯವರೇ ಹಳೇ ಗೇಮ್‌ಗಳನ್ನು ಸೇರಿಸಿ ಪುಟ್ಟ ಮಷಿನ್ ಬಿಟ್ಟಿದ್ದರಲ್ಲ, ಅದರಲ್ಲೂ ಬಾತುಕೋಳಿ ಇಲ್ಲ, ಕಾಂಟ್ರಾ ಇಲ್ಲ. ಎಲ್ಲರೂ ಆಡುತ್ತಿದ್ದ ಗೇಮನ್ನೇ ಯಾಕೆ ಬಿಟ್ಟರು?

ಉತ್ತರ: ಮೊದಲು ಆ ಸ್ಕ್ರೂಡ್ರೈವರ್ ಕೆಳಗಿಡಿ. ಗನ್ ಬಹುಶಃ ಚೆನ್ನಾಗೇ ಇದೆ. ಬದಲಾಗಿರುವುದು ಟಿವಿ.

ಆ ಗನ್ನಿಂದ ಏನೋ ಹೊರಗೆ ಬಂದು ಪರದೆಗೆ ಬಡಿಯುತ್ತದೆ ಅಂತ ನಾವೆಲ್ಲ ಅಂದುಕೊಂಡಿದ್ದೆವು. ನಿಜ ಉಲ್ಟಾ. ಗನ್ನಿನ ಬಾಯಲ್ಲಿರುವುದು ಒಂದು ಕಣ್ಣು. ಅದು ಬೆಳಕನ್ನು ನೋಡುತ್ತದೆ, ಅಷ್ಟೇ. ನೀವು ಕುದುರೆ ಒತ್ತಿದ ಕೂಡಲೇ ಪರದೆ ಒಂದು ಕ್ಷಣ ಪೂರ್ತಿ ಕಪ್ಪಾಗುತ್ತದೆ. ಆಮೇಲೆ ಬಾತುಕೋಳಿ ಇದ್ದ ಜಾಗದಲ್ಲಿ ಒಂದು ಬಿಳಿ ಚೌಕ ಬರುತ್ತದೆ. ಎರಡು ಕೋಳಿ ಇದ್ದರೆ ಒಂದಾದ ಮೇಲೆ ಒಂದು ಚೌಕ. ಕಪ್ಪಿನಿಂದ ಬಿಳಿಗೆ ಹೋಗಿದ್ದು ಗನ್ನಿನ ಕಣ್ಣಿಗೆ ಬಿತ್ತೋ, ಕೋಳಿ ಸತ್ತಿತು. ಯಾವ ಚೌಕದ ಹೊತ್ತಿಗೆ ಬೆಳಕು ಕಂಡಿತು ಅನ್ನುವುದರ ಮೇಲೆ ಯಾವ ಕೋಳಿ ಅಂತ ತೀರ್ಮಾನ. ಮೊದಲು ಕಪ್ಪು ಮಾಡುವುದಕ್ಕೂ ಕಾರಣ ಇದೆ. ಇಲ್ಲದಿದ್ದರೆ ಟ್ಯೂಬ್‌ಲೈಟಿಗೆ ಗುರಿ ಇಟ್ಟು ಎಲ್ಲ ಕೋಳಿ ಉರುಳಿಸಬಹುದಿತ್ತಲ್ಲ!

ಇದೆಲ್ಲ ಮುಗಿಯುವುದು ಕಣ್ಣು ಮಿಟುಕಿಸುವಷ್ಟರಲ್ಲಿ. ಡಬ್ಬಾ ಟಿವಿಯ ಪಿಕ್ಚರ್ ಟ್ಯೂಬ್ ಸೆಕೆಂಡಿಗೆ 50 ಅಥವಾ 60 ಸಲ ಚಿತ್ರ ಬಿಡಿಸುತ್ತದೆ. ಮಷಿನ್ ಕಳಿಸಿದ್ದನ್ನು ಆಗಿಂದಾಗಲೇ, ಗೆರೆ ಗೆರೆಯಾಗಿ. ಎಲ್‌ಇಡಿ ಟಿವಿ ಹಾಗಲ್ಲ. ಬಂದ ಚಿತ್ರವನ್ನು ಹಿಡಿದಿಟ್ಟುಕೊಂಡು, ಹಿಗ್ಗಿಸಿ, ತಿದ್ದಿ ತೀಡಿ, ಆಮೇಲೆ ತೋರಿಸುತ್ತದೆ. ಅಷ್ಟರಲ್ಲಿ ಗೇಮ್ 'ಬೆಳಕು ಕಾಣಲಿಲ್ಲ, ಗುರಿ ತಪ್ಪಿತು' ಅಂತ ಷರಾ ಬರೆದಾಗಿರುತ್ತದೆ. ಟಿವಿಯನ್ನು ಗೇಮ್ ಮೋಡ್‌ಗೆ ಹಾಕಿ ತಡ ಕಡಿಮೆ ಮಾಡಿದರೂ ಸಾಲದು. ಪಿಕ್ಚರ್ ಟ್ಯೂಬಿನ ಗೆರೆಗಳು ಸೆಕೆಂಡಿಗೆ ಸುಮಾರು 15,000 ಸಲ ಮಿನುಗುತ್ತವೆ. ಕಂಪನಿಯ ಅಸಲಿ ಗನ್ನಿಗೆ ಆ ಮಿನುಗನ್ನೇ ಹುಡುಕುವ ಅಭ್ಯಾಸ. ಎಲ್‌ಇಡಿ ಬೆಳಕು ಹಾಗೆ ಮಿನುಗುವುದಿಲ್ಲ.

ಈಗ ಆ ಪುಟ್ಟ ಮಷಿನ್ ವಿಷಯ. ಮಾರಿಯೋ ಮಾಡಿದ ಜಪಾನಿನ ಕಂಪನಿ ನಿಂಟೆಂಡೊ 2016ರ ನವೆಂಬರ್‌ನಲ್ಲಿ ಎನ್‌ಇಎಸ್ ಕ್ಲಾಸಿಕ್ ಬಿಟ್ಟಿತು. ಎನ್‌ಇಎಸ್ ಅಂದರೆ ಅವರ ಹಳೇ ಟಿವಿ ಗೇಮ್ ಮಷಿನ್. ಅಂಗೈ ಮೇಲೆ ಕೂರುವ ಡಬ್ಬಿ, ಒಳಗೆ 30 ಗೇಮ್, ನೇರ ಎಚ್‌ಡಿಎಂಐ ವೈರು. ಅದರೊಳಗೆ ಹಳೇ ಚಿಪ್ ಇಲ್ಲ. ಮೊಬೈಲಿನಲ್ಲಿರುವಂಥ 4 ಕೋರಿನ ಚಿಪ್ ಇದೆ, 512 ಎಂಬಿ ಜಾಗ ಇದೆ. ಹಳೇ ಮಷಿನ್ ಹೇಗೆ ನಡೆದುಕೊಳ್ಳುತ್ತಿತ್ತೋ ಹಾಗೇ ಇದು ಮಿಮಿಕ್ರಿ ಮಾಡುತ್ತದೆ. ಅದಕ್ಕೆ ಎಮ್ಯುಲೇಟರ್ ಅಂತ ಹೆಸರು. ಜಾಗದ ಸಮಸ್ಯೆ ಅಂತೂ ಇಲ್ಲವೇ ಇಲ್ಲ. ಮೊದಲ ಸೂಪರ್ ಮಾರಿಯೋ ಪೂರ್ತಿ ಗೇಮ್ ಬರೀ 40 ಕೆಬಿ. ವಾಟ್ಸ್ಆ್ಯಪ್‌ನಲ್ಲಿ ಬರುವ ಗುಡ್ ಮಾರ್ನಿಂಗ್ ಹೂವು ಇದಕ್ಕಿಂತ ಜಾಸ್ತಿ ತೂಗುತ್ತದೆ. ಅಷ್ಟರಲ್ಲೇ ಹೊಂದಿಸಬೇಕಿತ್ತು ಅಂತ ಮೋಡಕ್ಕೂ ಪೊದೆಗೂ ಒಂದೇ ಚಿತ್ರ ಬಳಸಿದ್ದಾರೆ, ಬಣ್ಣ ಮಾತ್ರ ಬೇರೆ. ಇವತ್ತು ಸಂಜೆ ಆಡುವಾಗ ನೋಡಿ.

ಬಾತುಕೋಳಿ ಗೇಮ್ 1984ರದ್ದು, ನಿಂಟೆಂಡೊದ್ದೇ ಸ್ವಂತದ್ದು. ಅದನ್ನು ಹಾಕಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಆದರೆ ಗೇಮಿನ ಅರ್ಧ ಭಾಗ ಕ್ಯಾಸೆಟ್ಟಿನಲ್ಲಿತ್ತು, ಇನ್ನರ್ಧ ಪಿಕ್ಚರ್ ಟ್ಯೂಬಿನಲ್ಲಿತ್ತು. ಆ ಅರ್ಧವನ್ನು ಎಲ್ಲಿಂದ ತರುವುದು? 2014ರಲ್ಲಿ ಅವರೇ ವೀ ಯು ಅನ್ನೋ ಮಷಿನ್‌ನಲ್ಲಿ ಇದನ್ನು ಮತ್ತೆ ಬಿಟ್ಟಾಗ ಗನ್ನಿನ ಬದಲು ಕೈಲಿ ಹಿಡಿದು ತೋರಿಸುವ ರಿಮೋಟ್ ಕೊಟ್ಟರು. ಪರದೆ ಮೇಲೆ ಗುರಿಯ ಗುರುತು ಓಡಾಡುತ್ತದೆ. ಆಡಬಹುದು. ಆದರೆ ಗುರಿ ಎಲ್ಲಿದೆ ಅಂತ ಟಿವಿಯೇ ತೋರಿಸಿಬಿಟ್ಟರೆ ಗುರಿ ಇಡುವುದಕ್ಕೆ ಏನು ಉಳಿಯಿತು? ನನಗಂತೂ ಸಪ್ಪೆ ಅನಿಸಿತು.

ಕಾಂಟ್ರಾ ಕಥೆ ಬೇರೆ. ಅಲ್ಲಿ ಟಿವಿಯ ತಕರಾರಿಲ್ಲ. ಅದು ಕೊನಾಮಿ ಕಂಪನಿಯದ್ದು. ನಮ್ಮ ಕಡೆ ಅಪ್ಪನ ಹೆಸರಲ್ಲೇ ಉಳಿದ ಕಾಫಿ ತೋಟ ಇರುತ್ತದಲ್ಲ, ಹಾಗೆ. ನಾಲ್ಕು ಜನ ಅಣ್ಣತಮ್ಮಂದಿರು, ಒಬ್ಬ ಬೆಂಗಳೂರಲ್ಲಿ, ಒಬ್ಬ ಮಾತು ಬಿಟ್ಟಿದ್ದಾನೆ. ಎಲ್ಲರ ಸಹಿ ಬೀಳದೆ ಒಂದು ಸಿಲ್ವರ್ ಮರ ಕಡಿಯುವುದಕ್ಕೂ ಆಗುವುದಿಲ್ಲ. ಹಳೇ ಗೇಮಲ್ಲೂ ಬರೆದವರು, ಮಾರಿದವರು, ಹಾಡಿನವರು, ಸಿನಿಮಾ ಹೆಸರು ಕೊಟ್ಟವರು, ಎಲ್ಲರ ಪಾಲೂ ಇರುತ್ತದೆ. ಗೋಲ್ಡನ್‌ಐ ಅನ್ನೋ ಜೇಮ್ಸ್ ಬಾಂಡ್ ಗೇಮ್ 1997ರಲ್ಲಿ ಬಂದಿತ್ತು. ಮಾಡಿದ ಕಂಪನಿಯನ್ನು 2002ರಲ್ಲಿ ಮೈಕ್ರೋಸಾಫ್ಟ್ ಕೊಂಡಿತು, ಗೇಮ್ ಇದ್ದದ್ದು ನಿಂಟೆಂಡೊ ಮಷಿನ್‌ನಲ್ಲಿ, ಬಾಂಡ್ ಮೂರನೆಯವರ ಸೊತ್ತು. ಮತ್ತೆ ಬಿಡುಗಡೆ ಆಗಿದ್ದು 2023ರ ಜನವರಿಯಲ್ಲಿ.

ಎನ್‌ಇಎಸ್ ಕ್ಲಾಸಿಕ್‌ನಲ್ಲಿ ಕಾಂಟ್ರಾದ ಎರಡನೇ ಭಾಗ ಸೂಪರ್ ಸಿ ಇದೆ. ಅದಕ್ಕೆ ಬಿದ್ದ ಸಹಿ ಮೊದಲನೆಯದಕ್ಕೆ ಯಾಕೆ ಬೀಳಲಿಲ್ಲ ಅಂತ ನನಗೂ ಗೊತ್ತಿಲ್ಲ. ಮೊದಲನೆಯದನ್ನು ಕೊನಾಮಿ 2019ರಲ್ಲಿ ತನ್ನದೇ ಹತ್ತು ಗೇಮುಗಳ ಕಟ್ಟಿನಲ್ಲಿ ಸೇರಿಸಿ ಮಾರಿತು. ಕಂಪ್ಯೂಟರಿನಲ್ಲೂ ಆಡಬಹುದು, ನಿಮಗೆ ನಾನು ಹೇಳುವುದು ಅದನ್ನೇ. ಜಪಾನಿನ ಆವೃತ್ತಿಯೂ ಅದರಲ್ಲಿದೆ. ಜಪಾನಿನ ಕ್ಯಾಸೆಟ್ಟಿನಲ್ಲಿ ಒಂದು ಚಿಪ್ ಜಾಸ್ತಿ ಇತ್ತು, ಹಾಗಾಗಿ ಮೊದಲ ಹಂತದ ಕಾಡಿನಲ್ಲಿ ಎಲೆಗಳು ಗಾಳಿಗೆ ಅಲ್ಲಾಡುತ್ತವೆ. ಅಮೆರಿಕದ್ದರಲ್ಲಿ ಅಲ್ಲಾಡುವುದಿಲ್ಲ. ರಿಮೋಟಿನ ಗುಂಡಿಗಳನ್ನು ಸಾಲಾಗಿ ಒತ್ತಿ 30 ಜೀವ ಪಡೆಯುವ ಗುಟ್ಟು ಬೆರಳಿಗೆ ಇನ್ನೂ ನೆನಪಿದ್ದರೆ ಒತ್ತಿ ನೋಡಿ.

ಇನ್ನು, ಹಾಸನಾಂಬ ಜಾತ್ರೆಯಲ್ಲಿ ಸಿಗುವ '9999 ಇನ್ 1' ಡಬ್ಬಿಯಲ್ಲಿ ಎಲ್ಲ ಇದೆಯಲ್ಲ ಅಂತ ಕೇಳಬೇಡಿ. ನಾನೂ ತಂದಿದ್ದೆ. ಬಾತುಕೋಳಿ ಇತ್ತು, ಕಾಂಟ್ರಾ ಹತ್ತು ಹನ್ನೆರಡು ಸಲ ಇತ್ತು. ಅದೇ ಗೇಮು, ಹೆಸರು ಬೇರೆ, ಶುರುವಾಗುವ ಹಂತ ಬೇರೆ. ಯಾರ ಸಹಿಯೂ ಕೇಳದೆ ತುಂಬಿದರೆ ಎಷ್ಟು ಬೇಕಾದರೂ ತುಂಬಬಹುದು. ಕಾರ್ತಿಕ ಮುಗಿಯುವಷ್ಟರಲ್ಲಿ ರಿಮೋಟಿನ ಗುಂಡಿ ಒಳಗೆ ಹೋಗಿ ಕೂತಿತು.

ಹಾಗಾದರೆ ನಿಮ್ಮ ಗನ್ನಿಗೆ ಏನು ದಾರಿ? ಸಿಂಡೆನ್ ಅನ್ನುವ ಹೊಸ ಗನ್ನಿನಲ್ಲಿ ಕ್ಯಾಮೆರಾ ಇದೆ. ಪರದೆ ಸುತ್ತ ಬರುವ ಬಿಳಿ ಅಂಚನ್ನು ನೋಡಿ ಗುರಿ ಲೆಕ್ಕ ಹಾಕುತ್ತದೆ. ಆದರೆ ಅದಕ್ಕೆ ಕಂಪ್ಯೂಟರ್ ಬೇಕು, ದುಡ್ಡೂ ಜಾಸ್ತಿ. ನಿಮಗೆ ಬೇಕಾಗಿರುವುದು ಒಂದು ಡಬ್ಬಾ ಟಿವಿ. ಗುಜರಿಯವರ ಹತ್ತಿರ ಕೇಳಿ, ನೆಂಟರ ಸ್ಟೋರ್ ರೂಮು ನೋಡಿ. ಹಳದಿ ಪಿನ್ ಹಾಕುವ ತೂತು ಇದ್ದರೆ ಸಾಕು.

ಕ್ಯಾಸೆಟ್ ಬಗ್ಗೆ ಒಂದು ಮಾತು. ಸಕಲೇಶಪುರದ ಮಳೆಯಲ್ಲಿ ಇಷ್ಟು ವರ್ಷ ಕೂತಿದ್ದರೆ ಪಿನ್ನಿನ ಮೇಲೆ ಹಸಿರು ಕಿಲುಬು ಕಟ್ಟಿರುತ್ತದೆ. ಉಫ್ ಅಂತ ಊದಬೇಡಿ, ಎಂಜಲಿನ ಪಸೆಗೆ ಇನ್ನೂ ಕಿಲುಬು ಹಿಡಿಯುತ್ತದೆ. ಮೊಬೈಲ್ ರಿಪೇರಿಯವರು ಬಳಸುವ ಐಸೊಪ್ರೊಪೈಲ್ ಆಲ್ಕೋಹಾಲನ್ನು ಕಿವಿಗೆ ಹಾಕುವ ಹತ್ತಿಕಡ್ಡಿಗೆ ಅದ್ದಿ ಒರೆಸಿ. ಪೂರ್ತಿ ಒಣಗಲಿ. ಇನ್ನೊಂದು, ಆನ್‌ಲೈನಿನಲ್ಲಿ ಅಮೆರಿಕದ ಎನ್‌ಇಎಸ್ ಕ್ಯಾಸೆಟ್ ಕೊಂಡು ಮೋಸ ಹೋಗಬೇಡಿ. ನಮ್ಮಲ್ಲಿ ಬಂದವು ಜಪಾನಿನ 1983ರ ಫ್ಯಾಮಿಕಾಮ್ ಮಷಿನ್‌ನ ನಕಲುಗಳು. ಇವಕ್ಕೆ 60 ಪಿನ್, ಅವಕ್ಕೆ 72. ಕೂರುವುದೇ ಇಲ್ಲ.

ನಮ್ಮ ಮನೆಯಲ್ಲಿ ಕಳೆದ ದಸರಾ ರಜೆಗೆ ಅತ್ತೆ ಮನೆಯಿಂದ 21 ಇಂಚಿನ ಟಿವಿ ಹೊತ್ತು ತಂದೆವು. ಇಬ್ಬರು ಹಿಡಿದರೂ ಸೊಂಟ ಹಿಡಿದುಕೊಂಡಿತು. ಅಕ್ಕನ ಮಗ ಮೂರು ಗುಂಡೂ ಹಾಳು ಮಾಡಿದ. ಹುಲ್ಲಿನ ಮರೆಯಿಂದ ಆ ನಾಯಿ ಎದ್ದು ಬಾಯಿಗೆ ಕೈ ಇಟ್ಟು ನಕ್ಕಿತು. ಅವನು ಗನ್ನನ್ನು ಗಾಜಿಗೇ ಒತ್ತಿ ಹಿಡಿದು ಕೇಳಿದ, "ಮಾವ, ನಾಯಿಗೆ ಹೊಡೆಯೋಕೆ ಆಗಲ್ವಾ?"

ಮನೆಯ ಮಷಿನ್‌ನಲ್ಲಿ ಆಗುವುದಿಲ್ಲ. ಅಂಗಡಿಯಲ್ಲಿ ಕಾಸು ಹಾಕಿ ಆಡುವ ಮಷಿನ್‌ನಲ್ಲಿ ಮಾತ್ರ, ಬೋನಸ್ ಸುತ್ತಿನಲ್ಲಿ, ಆಗುತ್ತಿತ್ತು.