ಜಪ್ತಿಯಾದ ಗಾಂಜಾಕ್ಕೆ ಬೆಲೆ ಕಟ್ಟುವವರಿಗೆ

ಗಾಂಜಾ ಜಪ್ತಿಯಾದ ಸುದ್ದಿಯನ್ನು ಪತ್ರಿಕೆಯಿಂದ ಕತ್ತರಿಸಿ ತಂದು, ಮೌಲ್ಯದ ಅಂಕಿಯ ಮೇಲೆ ಬೆರಳಿಟ್ಟು, 'ಇವರ ಸೊಂಟ ಮುರಿಯಿತು ಸಾರ್, ಇನ್ನು ಗಲ್ಲು ಶಿಕ್ಷೆಯೊಂದು ಬಂದರೆ ಸಾಕು' ಎನ್ನುವವರು ನನ್ನ ಕಚೇರಿಗೆ ಆಗಾಗ ಬರುತ್ತಾರೆ. ಮಾದಕವಸ್ತು ಪ್ರಕರಣಗಳಲ್ಲಿ ಆರೋಪಿಗಳ ಪರ ವಾದಿಸುವ ನನ್ನ ಮಾತನ್ನು ಅವರು ಅನುಮಾನದಿಂದ ಕೇಳುವುದೂ ಸಹಜವೇ.

ಆ ಅಂಕಿ ಸಾಮಾನ್ಯವಾಗಿ ಬೀದಿಯ ಚಿಲ್ಲರೆ ದರದ ಲೆಕ್ಕ. ಮಾಲಿನ ಒಡೆಯ ಕಳೆದುಕೊಳ್ಳುವುದು ಅಷ್ಟೇ ಮಾಲನ್ನು ಮತ್ತೆ ತರಿಸಲು ಬೇಕಾಗುವ ಹಣವನ್ನು ಮಾತ್ರ, ಅಂದರೆ ಬೆಳೆದವನ ಬೆಲೆ ಮತ್ತು ಸಾಗಣೆಯ ಕೂಲಿಯನ್ನು. ಟೊಮೆಟೊ ಲಾರಿ ಮಗುಚಿದರೆ ರೈತನ ನಷ್ಟವನ್ನು ನಾವು ಸೂಪರ್ ಮಾರ್ಕೆಟ್ಟಿನ ದರದಲ್ಲಿ ಎಣಿಸುತ್ತೇವೆಯೇ? ಚಿಲ್ಲರೆ ದರದ ಬಹುಪಾಲು, ಸಿಕ್ಕಿಬೀಳುವ ಭಯಕ್ಕಾಗಿ ಒಬ್ಬೊಬ್ಬರೂ ಏರಿಸಿಕೊಂಡ ಲಾಭ. ಮೇಲಾಗಿ ಮಾಲು ಕಡಿಮೆಯಾದರೆ ದರ ಏರುತ್ತದೆ. ಚಟಕ್ಕೆ ಬಿದ್ದವನು ಸೇವನೆಯನ್ನು ಅದೇ ಪ್ರಮಾಣದಲ್ಲಿ ತಗ್ಗಿಸದೆ ಮನೆಯ ಚಿನ್ನಕ್ಕೆ ಕೈ ಹಾಕುವುದರಿಂದ, ಜಪ್ತಿಯಾಗದೆ ಉಳಿದ ಮಾಲಿನಿಂದ ಬರುವ ಹಣ ಹೆಚ್ಚಲೂಬಹುದು.

ಗಲ್ಲಿನ ವಿಷಯ ಹೇಳುವುದಾದರೆ, ಮಾದಕವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಗೆ 1989ರಲ್ಲೇ, ಕೆಲವು ಗಂಭೀರ ಅಪರಾಧಗಳನ್ನು ಮತ್ತೆ ಎಸಗಿದವರಿಗೆಂದು ಮರಣದಂಡನೆಯನ್ನು ಸೇರಿಸಲಾಯಿತು. 2014ರ ತಿದ್ದುಪಡಿ ಅದನ್ನು ನ್ಯಾಯಾಲಯದ ವಿವೇಚನೆಗೆ ಬಿಟ್ಟಿತು. ಗಾಂಜಾ 20 ಕೆ.ಜಿ. ಮೀರಿದರೆ ಕನಿಷ್ಠ 10 ವರ್ಷ ಜೈಲು, 37ನೇ ಕಲಂನಿಂದಾಗಿ ಜಾಮೀನೂ ದುರ್ಲಭ.

ಬಸ್ಸಿನಲ್ಲಿ ಎರಡು ಚೀಲ ಸಾಗಿಸಿ ಸಿಕ್ಕಿಬಿದ್ದ ಹುಡುಗನೊಬ್ಬನಿಗೆ ನಾನು ಜೈಲಿನಲ್ಲಿ ಇದನ್ನು ವಿವರಿಸಿದಾಗ, ಅವನು ಬಹಳ ಹೊತ್ತು ಅಂಗಿಯ ಗುಂಡಿ ತಿರುವುತ್ತಾ ಕೂತು, 'ಬಸ್ಸಿನಲ್ಲಿ ಯಾರೂ ಚೀಲ ಬಿಚ್ಚಿಸುವುದಿಲ್ಲ ಅಂದಿದ್ದರು ಸಾರ್' ಎಂದ. ಹತ್ತು ವರ್ಷವೆಂಬುದು ಅವನ ಲೆಕ್ಕದಲ್ಲೇ ಇರಲಿಲ್ಲ. ಅದನ್ನು ಇಪ್ಪತ್ತಕ್ಕೇರಿಸಿದ್ದರೂ ಅವನು ಆ ಬಸ್ಸು ಹತ್ತುತ್ತಿದ್ದ. ದಾರಿಯಲ್ಲಿ ತಪಾಸಣೆ ಖಚಿತವೆಂದು ಗೊತ್ತಿದ್ದರೆ, ಒಂದೇ ವರ್ಷದ ಶಿಕ್ಷೆಗೂ ಬಹುಶಃ ಹಿಂಜರಿಯುತ್ತಿದ್ದ. ಕಳುಹಿಸಿದವನನ್ನು ಅವನು 'ಅಣ್ಣ' ಎಂದಷ್ಟೇ ಬಲ್ಲ. ಅಣ್ಣನಿಗೆ ಮರುವಾರವೇ ಇನ್ನೊಬ್ಬ ಹುಡುಗ ಸಿಕ್ಕಿರುತ್ತಾನೆ.

ಅಣ್ಣನಿಗೆ ತಟ್ಟಬಹುದಾದದ್ದು ಆಸ್ತಿಯನ್ನು ತಡೆಹಿಡಿಯುವ 68ಎಫ್ ಕಲಂ ಎಂಬುದು ನನ್ನ ಅನುಭವದ ಮಾತು. ಎಲ್ಲ ಪ್ರಕರಣಗಳಿಗೂ ಅನ್ವಯಿಸುತ್ತದೆಂದು ಹೇಳಲಾರೆ. ಆದೇಶವನ್ನು 30 ದಿನಗಳೊಳಗೆ ಸಕ್ಷಮ ಪ್ರಾಧಿಕಾರ ದೃಢೀಕರಿಸಬೇಕಾದ್ದರಿಂದ ತನಿಖಾಧಿಕಾರಿಗೆ ಅದು ಬೇಸರದ ಕಾಗದದ ಕೆಲಸ. ಆ ಹುಡುಗನ ದೋಷಾರೋಪ ಪಟ್ಟಿಯಲ್ಲಿ ಚೀಲಗಳ ತೂಕ ಗ್ರಾಂವರೆಗೆ ನಮೂದಾಗಿತ್ತು. ಬ್ಯಾಂಕ್ ಖಾತೆಯ ಒಂದು ಹಾಳೆಯೂ ಇರಲಿಲ್ಲ.