ಫಿಲೋಮಿನಾ ಎಂದರೆ ‘ಬೆಳಕಿನ ಮಗಳು’ ಹೌದೇ?

ಪ್ರಶ್ನೆ: ಮೈಸೂರಿನ ಸಂತ ಫಿಲೋಮಿನಾ ಚರ್ಚಿನ ಹೆಸರು ಗ್ರೀಕ್ ಮೂಲದ್ದು ಎಂದು ಕೇಳಿದ್ದೇನೆ. ಮಕ್ಕಳ ಹೆಸರಿನ ಒಂದು ಪಟ್ಟಿಯಲ್ಲಿ ಅದಕ್ಕೆ ‘ಬೆಳಕಿನ ಮಗಳು’ ಎಂದು ಅರ್ಥ ಕೊಟ್ಟಿದ್ದಾರೆ, ಇನ್ನೊಂದರಲ್ಲಿ ‘ಪ್ರೀತಿಪಾತ್ರಳು’ ಎಂದಿದೆ, ಮತ್ತೊಂದರಲ್ಲಿ ‘ಬಲವನ್ನು ಪ್ರೀತಿಸುವವಳು’. ಯಾವುದನ್ನು ನಂಬಬೇಕು? ಗ್ರೀಕ್ ಹೆಸರುಗಳ ಅರ್ಥವನ್ನು ನಾವೇ ಪರೀಕ್ಷಿಸಿ ನೋಡಲು ದಾರಿ ಇದೆಯೇ?

ಉತ್ತರ: ‘ಪ್ರೀತಿಪಾತ್ರಳು’ ಎಂಬುದೇ ಸರಿ. ಉಳಿದೆರಡು ಹುಟ್ಟಿದ್ದು ಹೇಗೆ ಎಂಬುದನ್ನು ನೋಡಿದರೆ ಗ್ರೀಕ್ ಹೆಸರುಗಳ ವಿಚಾರದಲ್ಲಿ ಎಲ್ಲಿ ಎಡವುತ್ತೇವೆ ಎನ್ನುವುದೂ ಗೊತ್ತಾಗುತ್ತದೆ.

1802ರ ಮೇ ತಿಂಗಳಲ್ಲಿ ರೋಮ್ ನಗರದ ಪ್ರಿಸಿಲ್ಲಾ ನೆಲಮಾಳಿಗೆ ಸ್ಮಶಾನದಲ್ಲಿ ಒಂದು ಗೋರಿ ಸಿಕ್ಕಿತು. ಅದರ ಬಾಯಿಗೆ ಮುಚ್ಚಿದ್ದ ಮೂರು ಸುಟ್ಟಮಣ್ಣಿನ ಹಲಗೆಗಳ ಮೇಲೆ ಲ್ಯಾಟಿನ್ ಲಿಪಿಯಲ್ಲಿ ‘ಲುಮೆನಾ’, ‘ಪಾಕ್ಸ್ ತೆ’, ‘ಕುಂ ಫಿ’ ಎಂದು ಬರೆದಿತ್ತು. ಇದ್ದ ಕ್ರಮದಲ್ಲಿ ಓದಿದರೆ ಏನೂ ಅರ್ಥವಾಗುವುದಿಲ್ಲ. ಮೊದಲ ಹಲಗೆಯನ್ನು ತೆಗೆದು ಕೊನೆಗೆ ಇಟ್ಟರೆ ‘ಪಾಕ್ಸ್ ತೇಕುಂ ಫಿಲುಮೆನಾ’ ಎಂದಾಗುತ್ತದೆ: ‘ಫಿಲುಮೆನಾ, ನಿನಗೆ ಶಾಂತಿ ಇರಲಿ.’ ಬರಹ ಲ್ಯಾಟಿನ್ನಿನಲ್ಲಿ ಇದ್ದುದರಿಂದ ಭಕ್ತರು ಹೆಸರನ್ನೂ ಲ್ಯಾಟಿನ್ ಎಂದೇ ಭಾವಿಸಿ ಒಡೆದರು. ‘ಫೀಲಿಯಾ’ ಎಂದರೆ ಮಗಳು, ‘ಲೂಮೆನ್’ ಎಂದರೆ ಬೆಳಕು. 19ನೇ ಶತಮಾನದ ಭಕ್ತಿ ಪುಸ್ತಿಕೆಗಳು ಇದನ್ನು ಊರೂರಿಗೆ ಹರಡಿದವು. ಭಕ್ತಿಯ ಅರ್ಥವಾಗಿ ಅದು ಸುಂದರವೇ. ಹೆಸರಿನ ಮೂಲವಂತೂ ಅದಲ್ಲ.

ಮೂಲ ರೂಪ ಗ್ರೀಕಿನ ‘ಫಿಲೂಮೆನೆ’. ‘ಫಿಲೇಓ’ ಎಂದರೆ ಪ್ರೀತಿಸುತ್ತೇನೆ. ಆ ಧಾತುವಿಗೆ ‘-ಮೆನೆ’ ಸೇರಿ ‘ಪ್ರೀತಿಸಲ್ಪಡುತ್ತಿರುವವಳು’ ಎಂಬ ಕೃದಂತವಾಗಿದೆ. ಈ ‘-ಮೆನೊಸ್, -ಮೆನೆ’ ಪ್ರತ್ಯಯ ನಮಗೆ ಅಪರಿಚಿತವೇನಲ್ಲ, ಸಂಸ್ಕೃತದ ‘-ಮಾನ’ ಇದರ ಒಡಹುಟ್ಟು. ವರ್ಧಮಾನ ಎಂದರೆ ಬೆಳೆಯುತ್ತಿರುವವನು ಎಂದಾಗುವುದೂ ಫಿಲೂಮೆನೆ ಎಂದರೆ ಪ್ರೀತಿಪಾತ್ರಳು ಎಂದಾಗುವುದೂ ಒಂದೇ ವ್ಯಾಕರಣದಿಂದ.

‘ಬಲವನ್ನು ಪ್ರೀತಿಸುವವಳು’ ಎಂಬ ಅರ್ಥ ಬಂದದ್ದು ಹೆಸರಿನ ಬಾಲವನ್ನು ‘ಮೆನೊಸ್’ ಎಂಬ ಬೇರೊಂದು ಪದವೆಂದು ಎಣಿಸಿದ್ದರಿಂದ. ‘ಮೆನೊಸ್’ ಎಂದರೆ ಮನೋಬಲ, ಹುರುಪು. ಆದರೆ ಅದು ಸಮಾಸದ ಕೊನೆಗೆ ಬಂದರೆ ‘-ಮೆನೆಸ್’ ಎಂಬ ರೂಪ ತಾಳುತ್ತದೆ. ಅಲೆಕ್ಸಾಂಡರನ ಕಾರ್ಯದರ್ಶಿಯಾಗಿದ್ದ ಯೂಮೆನೆಸನ ಹೆಸರಲ್ಲಿ ಇರುವುದು ಅದು. ‘ಯೂ’ ಎಂದರೆ ಒಳ್ಳೆಯ, ‘ಮೆನೊಸ್’ ನಮ್ಮ ಮನಸ್. ಅಕ್ಷರಶಃ ಸಂಸ್ಕೃತದ ‘ಸುಮನಸ್’. ಫಿಲೂಮೆನೆಯ ನಡುವಿನ ದೀರ್ಘ ‘ಲೂ’ ಕ್ರಿಯಾಪದದ ಗುರುತು. ಸಮಾಸವಾಗಿದ್ದರೆ ಅಲ್ಲಿ ಹ್ರಸ್ವ ‘ಲೊ’ ಇರುತ್ತಿತ್ತು.

ಹಾಗಾದರೆ ಬೇರೆ ಹೆಸರುಗಳನ್ನು ಹೇಗೆ ಬಿಡಿಸುವುದು? ಮೊದಲ ಕೆಲಸ, ಹೆಸರು ಬಂದ ದಾರಿಯಲ್ಲಿ ಹಿಂದಕ್ಕೆ ನಡೆದು ಗ್ರೀಕ್ ರೂಪವನ್ನು ಮುಟ್ಟುವುದು. ನಮಗೆ ಈ ಹೆಸರುಗಳು ಬಂದದ್ದು ಇಂಗ್ಲಿಷ್, ಪೋರ್ಚುಗೀಸ್, ಸಿರಿಯಾಕ್, ಪಾರಸಿ ಹೀಗೆ ಹಲವು ಬಾಗಿಲುಗಳಿಂದ. ಕೇರಳದ ಸಿರಿಯನ್ ಕ್ರೈಸ್ತರಲ್ಲಿ, ಅಲ್ಲಿಂದ ಬಂದು ನಮ್ಮ ಕರಾವಳಿ ಮಲೆನಾಡುಗಳಲ್ಲಿ ನೆಲೆಸಿದವರಲ್ಲಿ, ಕುರಿಯಾಕೋಸ್, ಪತ್ರೋಸ್, ವರ್ಗೀಸ್ ಎಂಬ ಹೆಸರುಗಳಿವೆ. ಇವು ಸಿರಿಯಾಕ್ ಮೂಲಕ ಬಂದ ‘ಕೂರಿಯಾಕೊಸ್’ (ಪ್ರಭುವಿಗೆ ಸೇರಿದವನು), ‘ಪೆತ್ರೊಸ್’ (ಬಂಡೆ), ‘ಗೆಓರ್ಗಿಯೊಸ್’. ಇಂಗ್ಲಿಷಿನ ಪೀಟರ್, ಜಾರ್ಜ್ ಎಂಬ ರೂಪಗಳಿಗಿಂತ ಮೂಲಕ್ಕೆ ಇವೇ ಹತ್ತಿರ, ಕೊನೆಯ ಸಕಾರವನ್ನು ಕೂಡ ಉಳಿಸಿಕೊಂಡಿವೆ. ಆ ‘-ಒಸ್’ ಹೆಸರಿನ ಅರ್ಥಕ್ಕೆ ಸೇರಿದ್ದಲ್ಲ, ಪ್ರಥಮಾ ವಿಭಕ್ತಿ. ‘ರಾಮಃ’ ಎಂಬಲ್ಲಿ ವಿಸರ್ಗ ಮಾಡುವ ಕೆಲಸವನ್ನೇ ಗ್ರೀಕಿನಲ್ಲಿ ಅದು ಮಾಡುತ್ತದೆ, ಮೂಲವೂ ಒಂದೇ.

ಹಿಂದಕ್ಕೆ ನಡೆಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ‘ಸಿಕಂದರ್’ ಒಳ್ಳೆಯ ಉದಾಹರಣೆ. ‘ಅಲೆಕ್ಸಾಂದ್ರೊಸ್’ ಅರಬ್ಬರ ಕಿವಿಗೆ ಬಿದ್ದಾಗ ಮೊದಲಿನ ‘ಅಲ್’ ತಮ್ಮ ಭಾಷೆಯಲ್ಲಿ ನಾಮಪದಕ್ಕೆ ಮೊದಲು ಬರುವ ‘ಅಲ್’ ಎಂದೇ ಕೇಳಿಸಿತು. ಅದನ್ನು ಬೇರ್ಪಡಿಸಿದರು, ‘ಕ್ಸ’ ತಿರುವುಮುರುವಾಗಿ ‘ಸ್ಕ’ ಆಯಿತು, ಇಸ್ಕಂದರ್ ಹುಟ್ಟಿತು. ಮುಂದೆ ಅದು ಸಿಕಂದರ್. ‘ಅಲೆಕ್ಸ್-’ ಎಂದರೆ ರಕ್ಷಿಸು, ‘ಆಂದ್ರ್-’ ಎಂದರೆ ಗಂಡಸು (ಸಂಸ್ಕೃತದ ‘ನೃ, ನರ’ಕ್ಕೆ ಬಂಧು). ‘ಜನರನ್ನು ಕಾಯುವವನು’ ಎಂಬ ಅರ್ಥದ ಮೊದಲರ್ಧವೇ ಸಿಕಂದರನಲ್ಲಿ ಮುರಿದುಹೋಗಿದೆ. ಅದಕ್ಕಿಂತ ಬಹಳ ಮೊದಲು ಅಶೋಕನ 13ನೇ ಬಂಡೆಗಲ್ಲು ಶಾಸನದ ಲಿಪಿಕಾರರು ಬೇರೊಬ್ಬ ಗ್ರೀಕ್ ಅರಸನ ಇದೇ ಹೆಸರನ್ನು ‘ಅಲಿಕಸುದರ’ ಎಂದು ಬರೆದಿದ್ದರು. ಅಲ್ಲಿ ‘ಅಲಿಕಸ’ ಇನ್ನೂ ಇಡಿಯಾಗಿದೆ.

ಉಚ್ಚಾರದ ಬಗ್ಗೆ ಒಂದು ಮಾತು. ಕ್ರಿ.ಪೂ. 5ನೇ ಶತಮಾನದ ಅಥೆನ್ಸಿನಲ್ಲಿ ಫೀ, ಥೇತಾ, ಖೀ ಎಂಬ ಮೂರು ಅಕ್ಷರಗಳು ಮಹಾಪ್ರಾಣಗಳು. ನಮ್ಮ ಫ, ಥ, ಖ ಅವುಗಳಿಗೆ ಚೆನ್ನಾಗಿ ಹೊಂದುತ್ತವೆ, ರೋಮನ್ ಲಿಪಿಗಿಂತ ಕನ್ನಡ ಲಿಪಿಯೇ ಇಲ್ಲಿ ಮೇಲು. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಪಪೈರಸ್ ಹಾಳೆಯ ಗ್ರೀಕ್ ಪ್ರಹಸನದಲ್ಲಿ ಕನ್ನಡದ ಮಾತುಗಳಿವೆಯೇ ಎಂಬ ಚರ್ಚೆಯಲ್ಲಿ ನಾವು ‘ಚಾರಿಷನ್’ ಎಂದು ಬರೆಯುತ್ತ ಬಂದಿರುವ ನಾಯಕಿಯ ಹೆಸರು ಗ್ರೀಕಿನಲ್ಲಿ ‘ಖಾರಿತಿಯೊನ್’. ‘ಖಾರಿಸ್’ ಎಂದರೆ ಚೆಲುವು, ಕೃಪೆ. ‘-ಇಯೊನ್’ ಮುದ್ದಿನ ಪ್ರತ್ಯಯ. ಇಂದಿನ ಗ್ರೀಕಿನಲ್ಲಿ ಉಚ್ಚಾರ ಬದಲಾಗಿದೆ: ಬಸಿಲೇಯೊಸ್ ಈಗ ವಸಿಲಿಸ್, ಯೂಗೇನಿಯೊಸ್ ಈಗ ಎವ್ಗೇನಿಯೊಸ್, ಹೆಲೆನೆ ಈಗ ಎಲೇನಿ. ಪಟ್ಟಿಗಳಲ್ಲಿ ಇವು ಬೇರೆ ಬೇರೆ ಹೆಸರುಗಳಂತೆ ಕಾಣಿಸಿದರೂ ಅಲ್ಲ.

ರೂಪ ಸಿಕ್ಕಮೇಲೆ ಅದು ಎರಡು ತುಂಡಾಗುತ್ತದೆಯೇ ನೋಡಬೇಕು. ಹಳೆಯ ಗ್ರೀಕರ ಗಣ್ಯ ಹೆಸರುಗಳಲ್ಲಿ ಬಹುಪಾಲು ನಮ್ಮ ದೇವದತ್ತ, ಭೂರಿಶ್ರವಗಳ ಹಾಗೆ ಜೋಡುಪದಗಳು. ‘-ಕ್ಲೆಸ್’ ಎಂದು ಮುಗಿಯುವ ಹೆಸರುಗಳಲ್ಲಿ ಇರುವುದು ‘ಕ್ಲೆಒಸ್’, ಕೀರ್ತಿ. ಭೂರಿಶ್ರವನಲ್ಲಿರುವ ‘ಶ್ರವಸ್’ ಅದರದೇ ಸಂಸ್ಕೃತ ರೂಪ. ಪೆರಿಕ್ಲೆಸ್ ಎಂದರೆ ಸುತ್ತೆಲ್ಲ ಕೀರ್ತಿ ಪಡೆದವನು, ಸೊಫೊಕ್ಲೆಸ್ ಜಾಣ್ಮೆಗೆ ಹೆಸರಾದವನು. ಪೆರಿಕ್ಲೆಸನ ತಂದೆ ಕ್ಸಾಂಥಿಪ್ಪೊಸ್: ‘ಕ್ಸಾಂಥೊಸ್’ ಹೊಂಬಣ್ಣ, ‘ಹಿಪ್ಪೊಸ್’ ಕುದುರೆ, ನಮ್ಮ ‘ಅಶ್ವ’ಕ್ಕೆ ಒಡಹುಟ್ಟು. ಪುರಾಣಗಳ ಹರ್ಯಶ್ವನ ಅರ್ಥವೂ ಇದೇ. ಫಿಲಿಪ್ಪೊಸ್ ಕುದುರೆಗಳನ್ನು ಪ್ರೀತಿಸುವವನು. ‘ನೀಕೆ’ ಗೆಲುವು, ‘ಲಾಒಸ್’ ಜನ, ಸೇರಿ ನಿಕೋಲಾಒಸ್, ಅಂದರೆ ನಿಕೋಲಸ್. ತುಂಡುಗಳನ್ನು ಅದಲುಬದಲು ಮಾಡಿದರೂ ಹೆಸರಾಗುತ್ತದೆ: ಥೆಓದೋರಾ ಮತ್ತು ದೋರೊಥೆಯಾ ಎರಡೂ ‘ದೇವರ ಕೊಡುಗೆ’ಯೇ. ಇಂಗ್ಲಿಷಿನ ಡೊರೊಥಿ ಎರಡನೆಯದರ ಮಗಳು.

ಇಲ್ಲಿ ಸಂಸ್ಕೃತ ಬಲ್ಲವರು ಬೀಳುವ ಗುಂಡಿ ಒಂದಿದೆ. ‘ಥೆಯೊಸ್’ ಮತ್ತು ‘ದೇವ’ ಕೇಳಲು ಒಂದೇ ತರಹ, ಅರ್ಥವೂ ಒಂದೇ, ಆದರೆ ಸಂಬಂಧ ಇಲ್ಲ. ದೇವ ಪದಕ್ಕೆ ಗ್ರೀಕಿನಲ್ಲಿ ನಂಟಿರುವುದು ಜೆವುಸ್ ಎಂಬ ದೇವರ ಹೆಸರಿನೊಡನೆ. ಅದರ ಷಷ್ಠಿ ರೂಪ ‘ದಿಯೊಸ್’, ಅದರಿಂದ ದಿಯೊಗೆನೆಸ್, ಜೆವುಸನಿಂದ ಹುಟ್ಟಿದವನು. ‘ದೋರೊನ್’ ಮತ್ತು ‘ದಾನ’ ಮಾತ್ರ ನಿಜವಾಗಿಯೂ ಒಂದೇ ಬೇರಿನವು. ಹಾಗಾಗಿ ಥೆಓದೋರೊಸ್ ಮತ್ತು ದೇವದತ್ತ ಅರ್ಥದಲ್ಲಿ ಸಮ, ಮೂಲದಲ್ಲಿ ಅರ್ಧ ಮಾತ್ರ ಸಮ. ಧ್ವನಿ ಹೋಲುತ್ತದೆ ಎಂಬ ಒಂದೇ ಕಾರಣಕ್ಕೆ ನಂಟು ಕಟ್ಟಬಾರದು. ಗ್ರೀಕ್ ಪುರಾಣದ ಮಾಯಾ ಬೇರೆ, ನಮ್ಮ ಮಾಯೆ ಬೇರೆ.

ತುಂಡುಗಳ ಅರ್ಥ ಗೊತ್ತಾದ ಮಾತ್ರಕ್ಕೆ ಇಡೀ ಹೆಸರಿಗೆ ಒಂದು ವಾಕ್ಯದಂಥ ಅರ್ಥ ಇರಲೇಬೇಕು ಎಂದೂ ಇಲ್ಲ. ಕ್ರಿ.ಪೂ. 423ರಲ್ಲಿ ಆಡಿದ ಅರಿಸ್ಟೊಫನೀಸನ ‘ಮೋಡಗಳು’ ನಾಟಕದಲ್ಲಿ ಗಂಡ ಹೆಂಡತಿ ಮಗುವಿನ ಹೆಸರಿಗಾಗಿ ಜಗಳವಾಡುತ್ತಾರೆ. ಹಳ್ಳಿಯ ಗಂಡನಿಗೆ ಮಗನಿಗೆ ಅವನ ಅಜ್ಜನ ಹೆಸರು ಬೇಕು, ಫೇಯ್ದೊನಿದೆಸ್. ಅದರಲ್ಲಿರುವುದು ಮಿತವ್ಯಯ. ದೊಡ್ಡ ಮನೆತನದ ಹೆಂಡತಿಗೆ ‘ಹಿಪ್ಪೊಸ್’ ಇರುವ ಹೆಸರೇ ಆಗಬೇಕು, ಏಕೆಂದರೆ ಕುದುರೆ ಸಾಕುವುದು ಸಿರಿವಂತರ ಲಕ್ಷಣ. ಕೊನೆಗೆ ರಾಜಿಯಾಗಿ ಇಟ್ಟ ಹೆಸರು ಫೇಯ್ದಿಪ್ಪಿದೆಸ್. ‘ಮಿತವ್ಯಯದ ಕುದುರೆ’ ಎಂದು ಪಟ್ಟಿಯಲ್ಲಿ ಬರೆದರೆ ತಪ್ಪಾಗುತ್ತದೆ. ಅಪ್ಪನ ಕಡೆಯ ಒಂದು ತುಂಡು, ಅಮ್ಮನ ಕಡೆಯ ಒಂದು ತುಂಡು, ಅಷ್ಟೇ. ನಾಟಕದ ಮಾತಾದರೂ ಗ್ರೀಕ್ ಮನೆಗಳಲ್ಲಿ ಹೆಸರಿನ ತುಂಡುಗಳು ತಲೆಮಾರಿನಿಂದ ತಲೆಮಾರಿಗೆ ಹೀಗೆಯೇ ಇಳಿದುಬರುತ್ತಿದ್ದವು.

ಒಂಟಿ ಪದದ ಹೆಸರುಗಳು ಸುಲಭ. ಸೊಫಿಯಾ ಜ್ಞಾನ, ಐರೀನ್ ಶಾಂತಿ, ಮೆಲಿಸ್ಸಾ ಜೇನುನೊಣ, ಕ್ಲೋಯಿ ಎಳೆಯ ಹಸಿರು ಚಿಗುರು. ಸ್ಟೀಫನ್ ಎಂದರೆ ಕಿರೀಟ ಎನ್ನುತ್ತಾರೆ. ‘ಸ್ತೆಫಾನೊಸ್’ ಮೊದಲಿಗೆ ಗೆದ್ದವರ ತಲೆಗೆ ಮುಡಿಸುತ್ತಿದ್ದ ಎಲೆಯ ಹಾರ, ಚಿನ್ನದ ಕಿರೀಟವಲ್ಲ. ಜಾರ್ಜ್ ರೈತ: ‘ಗೇ’ ಭೂಮಿ, ‘ಎರ್ಗೊನ್’ ಕೆಲಸ. ಜೋಯಿ ಎಂದರೆ ಬದುಕು. ಹೀಬ್ರೂ ಬೈಬಲನ್ನು ಗ್ರೀಕಿಗೆ ತಂದವರು ಆದಿಕಾಂಡದಲ್ಲಿ ಹವ್ವಳ ಹೆಸರನ್ನೇ ಒಂದು ಕಡೆ ‘ಜೋಎ’ ಎಂದು ಅನುವಾದಿಸಿದ್ದಾರೆ.

ಇನ್ನು ಗ್ರೀಕರ ಹೆಸರೆಲ್ಲ ಗ್ರೀಕ್ ಹೆಸರಲ್ಲ. ಇಂದಿನ ಗ್ರೀಸಿನಲ್ಲಿ ಹೆಜ್ಜೆಗೊಬ್ಬರಂತೆ ಸಿಗುವ ಯಾನಿಸ್, ಮರಿಯಾ ಹೀಬ್ರೂ ಮೂಲದವು. ಕೋಸ್ತಾಸ್ (ಕಾನ್‌ಸ್ಟಂಟೈನ್) ಮತ್ತು ಪಾವ್ಲೊಸ್ ಲ್ಯಾಟಿನ್. ಅಖಿಲ್ಲೆಸ್, ಒಡಿಸ್ಸಿಯಸ್, ಅಥೇನಾ ಇವುಗಳಿಗೆ ಗ್ರೀಕಿನೊಳಗೆ ಖಚಿತವಾದ ಅರ್ಥವೇ ಇಲ್ಲ. ಗ್ರೀಕರು ಬರುವುದಕ್ಕೆ ಮೊದಲೇ ಅಲ್ಲಿದ್ದ ಭಾಷೆಗಳಿಂದ ಬಂದಿರಬಹುದು. ಬೆಂಗಳೂರಿನಲ್ಲೂ ಈಗ ಕೇಳಿಬರುವ ರಿಯಾ ಎಂಬ ಹೆಸರಿಗೆ ಜೆವುಸನ ತಾಯಿ ರೇಯಾಳನ್ನು ತೋರಿಸಿ ‘ಹರಿಯುವವಳು’ ಎಂದು ಬರೆಯುತ್ತಾರೆ. ಹಳೆಯ ಗ್ರೀಕರೇ ಹಾಗೆ ಊಹಿಸಿದ್ದರು, ಆದರೆ ಊಹೆ ಊಹೆಯೇ. ಕ್ಯಾಥರಿನ್‌ಗೆ ‘ಪರಿಶುದ್ಧಳು’ ಎಂಬ ಅರ್ಥವೂ ಆಮೇಲೆ ಅಂಟಿಕೊಂಡದ್ದು. ಗ್ರೀಕಿನ ಹಳೆಯ ರೂಪ ‘ಐಕತೆರೀನೆ’. ಶುದ್ಧ ಎಂಬ ಅರ್ಥದ ‘ಕಥರೊಸ್’ ಪದವನ್ನು ನೆನೆದು ಮುಂದೆ ಪಶ್ಚಿಮದಲ್ಲಿ ಕಾಗುಣಿತವನ್ನೇ ಬದಲಿಸಿದರು. ಪಟ್ಟಿಯೊಂದು ಇಂಥ ಹೆಸರಿಗೂ ಅನುಮಾನವೇ ಇಲ್ಲದಂತೆ ಒಂದೇ ಸಾಲಿನ ಅರ್ಥ ಕೊಟ್ಟರೆ ಅದರ ಉಳಿದ ಸಾಲುಗಳನ್ನೂ ಎಚ್ಚರದಿಂದ ಓದುವುದು ಒಳ್ಳೆಯದು.

ಹೆಸರಿನಿಂದ ಮತವನ್ನು ಊಹಿಸುವುದೂ ತಪ್ಪು. ಮಧ್ಯಪ್ರದೇಶದ ವಿದಿಶೆಯ ಬಳಿ ಬೆಸನಗರದಲ್ಲಿ ಕ್ರಿ.ಪೂ. 2ನೇ ಶತಮಾನದ ಗರುಡಸ್ತಂಭ ಇದೆ. ನಿಲ್ಲಿಸಿದವನು ತಕ್ಷಶಿಲೆಯ ದಿಯನ ಮಗ ಹೆಲಿಯೊದೊರ, ‘ಅಂತಲಿಕಿತ’ ಎಂಬ ಯವನ ರಾಜನ ದೂತ. ಹೆಲಿಯೊದೋರೊಸ್ ಎಂದರೆ ಸೂರ್ಯನ ಕೊಡುಗೆ, ಅಪ್ಪನ ಹೆಸರು ಜೆವುಸನಿಂದ ಬಂದದ್ದು, ಆದರೆ ಅವನು ತನ್ನನ್ನು ವಾಸುದೇವನ ಭಾಗವತ ಎಂದು ಕರೆದುಕೊಂಡಿದ್ದಾನೆ. ಇಸಿದೋರ್ ಎಂಬ ಹೆಸರಿನ ಕ್ರೈಸ್ತ ಸಂತರಿದ್ದಾರೆ, ಆ ಹೆಸರಿನ ಅರ್ಥ ಈಜಿಪ್ಟಿನ ದೇವತೆ ಇಸಿಸಳ ಕೊಡುಗೆ.

ಹಳೆಯ ಹೆಸರೊಂದು ನಿಜವಾಗಿ ಬಳಕೆಯಲ್ಲಿತ್ತೇ ಎಂದು ನೋಡಲು ಆಕ್ಸ್‌ಫರ್ಡಿನಲ್ಲಿ 1972ರಲ್ಲಿ ಪೀಟರ್ ಫ್ರೇಸರ್ ಆರಂಭಿಸಿದ ಗ್ರೀಕ್ ವ್ಯಕ್ತಿನಾಮಗಳ ಕೋಶ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಅದು ಅರ್ಥ ಹೇಳುವುದಿಲ್ಲ, ಯಾವ ಊರಿನ ಯಾವ ಕಾಲದ ದಾಖಲೆಯಲ್ಲಿ ಹೆಸರಿದೆ ಎಂದು ತೋರಿಸುತ್ತದೆ. ಪಟ್ಟಿಯ ‘ಪ್ರಾಚೀನ ಗ್ರೀಕ್ ಹೆಸರು’ ಅಲ್ಲಿ ಸಿಗದೇ ಹೋದರೆ ಈಚೆಗೆ ಕಟ್ಟಿದ್ದಿರಬಹುದು ಎಂದು ಸಂಶಯಪಡಿ.

ಈಗಿನ ಗ್ರೀಕರ ಹೆಸರುಗಳಿಗೆ ಬೇರೆಯೇ ಲೆಕ್ಕ. ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರು ಇಡುವ ರೂಢಿ ಅಲ್ಲಿಯೂ ಇದೆ, ಹಾಗಾಗಿ ಒಂದೇ ಮನೆತನದಲ್ಲಿ ಒಂದೇ ಹೆಸರಿನ ಮೂವರು ನಾಲ್ವರು ದಾಯಾದಿಗಳಿರುವುದು ಸಾಮಾನ್ಯ. ಅರ್ಥ ನೋಡಿ ಇಡುವುದು ಕಡಿಮೆ. ಪರಸ್ಕೆವಿ ಎಂಬ ಹೆಣ್ಣು ಹೆಸರಿಗೆ ನಿಘಂಟು ‘ಸಿದ್ಧತೆ’ ಎನ್ನುತ್ತದೆ, ಜನರ ಮಾತಿನಲ್ಲಿ ಅದು ಶುಕ್ರವಾರ, ಇಟ್ಟವರ ಮನಸ್ಸಿನಲ್ಲಿ ಇರುವುದು ಆ ಹೆಸರಿನ ಮಹಿಳಾ ಸಂತರು ಮತ್ತು ಅಜ್ಜಿ. ಹುಟ್ಟುಹಬ್ಬಕ್ಕಿಂತ ಸಂತರ ಹೆಸರಿನ ದಿನಕ್ಕೆ ಸಡಗರ ಹೆಚ್ಚು. ಯೋರ್ಗೊಸ್ (ಜಾರ್ಜ್) ಹೆಸರಿನವರ ದಿನ ಏಪ್ರಿಲ್ 23. ಅದು ಈಸ್ಟರ್‌ಗೆ ಮುಂಚಿನ ಉಪವಾಸದ ಕಾಲದಲ್ಲಿ ಬಿದ್ದರೆ ಈಸ್ಟರ್ ಮಾರನೆಯ ಸೋಮವಾರಕ್ಕೆ ಹೋಗುತ್ತದೆ, 2024ರಲ್ಲಿ ಮೇ 6ಕ್ಕೆ ಬಂದಿತ್ತು. ಎದುರಿಗೆ ಕರೆಯುವಾಗ ಕೊನೆಯ ಸಕಾರ ಬೀಳುತ್ತದೆ: ‘ಯೋರ್ಗೊ!’, ‘ನೀಕೊ!’. ಸಂಬೋಧನೆಯಲ್ಲಿ ‘ರಾಮಃ’ ಹೋಗಿ ‘ರಾಮ’ ಆಗುವ ಹಾಗೆ. ಸಕಾರ ಸೇರಿಸಿ ಕರೆದರೆ ಅವರ ಕಿವಿಗೆ ತಪ್ಪಾಗಿಯೇ ಕೇಳಿಸುತ್ತದೆ.

ಮುದ್ದಿನ ಹೆಸರುಗಳು ಇನ್ನಷ್ಟು ದಾರಿ ತಪ್ಪಿಸುತ್ತವೆ. ದಿಮಿತ್ರಿಸ್ ಎಂಬವನು ಮನೆಯಲ್ಲಿ ದಿಮಿತ್ರಾಕಿಸ್, ಅಂದರೆ ಪುಟ್ಟ ದಿಮಿತ್ರಿಸ್. ಅದರ ಬಾಲವನ್ನು ಮಾತ್ರ ಉಳಿಸಿಕೊಂಡು ‘ತಾಕಿಸ್’ ಎಂದು ಕರೆಯುತ್ತಾರೆ, ಪನಯೋತಿಸ್ ಕೂಡ ಪನಯೋತಾಕಿಸ್ ಆಗಿ ಅದೇ ತಾಕಿಸ್ ಆಗುತ್ತಾನೆ. ಉಳಿದಿರುವುದು ಬರೀ ಪ್ರತ್ಯಯ, ಅದನ್ನು ನಿಘಂಟಿನಲ್ಲಿ ಹುಡುಕಿ ಫಲವಿಲ್ಲ. ಹೆಸರಿನ ದಿನ ಯಾವತ್ತು ಎಂದು ಕೇಳಿ. ಅಕ್ಟೋಬರ್ 26 ಎಂದರೆ ಆತ ದಿಮಿತ್ರಿಸ್, ಬೆಳೆಯ ದೇವತೆ ದೆಮೆತೆರಳಿಗೆ ಸೇರಿದವನು. ಆಗಸ್ಟ್ 15 ಎಂದರೆ ಪನಯೋತಿಸ್, ‘ಪನಯಿಯಾ’ ಅಂದರೆ ಸರ್ವಪವಿತ್ರೆ ಮೇರಿಯ ಹೆಸರು ಹೊತ್ತವನು.